ಲಾಂಚಲ್ಲಿ ಊರಿಗೆ: ಶರಾವತಿ ಹಿನ್ನೀರಿನ ಲೆಕ್ಕ

ಈಗ ನೋಡ್ತಿರೋ ಈ ಲಾಂಚ್ ದೃಶ್ಯಗಳು, ಅಂದ್ರೆ ಜನ-ವಾಹನ ಎರಡನ್ನೂ ಹಿನ್ನೀರು ದಾಟಿಸೋ ಚಪ್ಪಟೆ ತಳದ ದೋಣಿಯವು, ಸೇತುವೆಗೆ ಮುಂಚಿನವು. 2025ರ ಜುಲೈ 14ಕ್ಕೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯ್ತು, ಉದ್ದ ಹತ್ತಿರಹತ್ತಿರ ಎರಡೂವರೆ ಕಿಲೋಮೀಟರ್. ಅಲ್ಲಿತನಕ ಸಾಗರದಿಂದ ತುಮರಿ, ಸಿಗಂದೂರು ಕಡೆಯ ಮನೆಗೆ ಹೋಗೋರಿಗೆ ಹೊಳೆಬಾಗಿಲಿನ ಕಡವೇ, ಅಂದ್ರೆ ಲಾಂಚ್ ಹತ್ತಿ ದಾಟೋ ಜಾಗವೇ ಗತಿ. ತಪ್ಪಿದ್ರೆ ಕಾರ್ಗಲ್ ಊರಿನ ಮೇಲೆ ರಸ್ತೆಯಲ್ಲಿ ಸುತ್ತು.

ಲಾಂಚಿನ ವೇಳಾಪಟ್ಟಿ ಬೋರ್ಡಲ್ಲಿ ಏನೇ ಇರಲಿ, ನಿಜವಾದ ಪಟ್ಟಿ ಬರೆಯೋದು ಈ ಹಿನ್ನೀರು ನಿಲ್ಲಿಸಿರೋ ಲಿಂಗನಮಕ್ಕಿ ಡ್ಯಾಮು. ಪೂರ್ತಿ ತುಂಬಿದ್ರೆ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮಳೆ ನಿಂತ ಮೇಲೆ ಕರೆಂಟಿಗೆ ಅಂತ ನೀರು ಬಿಡ್ತಾ ಹೋಗ್ತಾರೆ, ಮೇ-ಜೂನ್ ಹೊತ್ತಿಗೆ ದಡ ಎಲ್ಲೋ ಕೆಳಗೆ ಇಳಿದಿರುತ್ತೆ. ಟಾರ್ ರಸ್ತೆ ಮುಗಿದಲ್ಲಿಂದ ನೀರಿನವರೆಗೆ ಬರೀ ಕೆಂಪು ಕೆಸರು.

ಆಗ ಲಾಂಚಿನವರು ವಾಹನ ಬೇಡ, ಜನ ಮಾತ್ರ ಅಂತಾರೆ. ಸಿಬ್ಬಂದಿ ಸೊಕ್ಕು ಅಂತ ಬೈಯೋರೇ ಜಾಸ್ತಿ. ಲೆಕ್ಕ ಬೇರೆ ಇದೆ. ಲಾಂಚಿನ ತಳ ಸುಮಾರು 60 ಚದರ ಮೀಟರ್ ಅಂತಿಟ್ಕೊಳ್ಳಿ. 6 ಟನ್ ಹೇರಿದ್ರೆ ಅದು 10 ಸೆಂಟಿಮೀಟರ್ ಕೆಳಗಿಳಿಯುತ್ತೆ, ಬಸ್ಸು ಹತ್ತಿದ್ರೆ ಇನ್ನೂ ಜಾಸ್ತಿ. ದಡದ ಹತ್ರ ನೀರೇ ಮೊಣಕಾಲುದ್ದ ಇದ್ರೆ, ಖಾಲಿ ಬಂದ ಲಾಂಚ್ ತುಂಬಿದ ಮೇಲೆ ಕೂತೇಬಿಡುತ್ತೆ. ಇದ್ರ ಜೊತೆಗೆ ಮುಳುಗಡೆ ಕಾಡಿನ ಮೋಟು ಮರಗಳು. ತುಂಬಿದ್ದಾಗ ಅವು ಆಳದಲ್ಲಿರ್ತವೆ, ನೀರಿಳಿದಾಗ ಪ್ರೊಪೆಲರ್ ಮಟ್ಟಕ್ಕೆ ಬಂದ್ಬಿಡ್ತವೆ. ಒಂದು ರೆಕ್ಕೆ ಬಾಗಿದ್ರೂ ಶಾಫ್ಟೇ ನಡುಗೋಕೆ ಶುರು.

ಹತ್ತಿಸೋದನ್ನ ಸ್ವಲ್ಪ ನಿಧಾನಕ್ಕೆ ನೋಡಿ. ರ‍್ಯಾಂಪು ಮಣ್ಣಿಗೆ ತಾಗಿದ ಮೇಲೂ ಎಂಜಿನ್ ಆಫ್ ಮಾಡಬಾರದು, ಮೆಲ್ಲಗೆ ಮುಂದಕ್ಕೆ ಒತ್ತಿ ಹಿಡೀಬೇಕು. ಬಿಟ್ರೆ, ಕಾರಿನ ಮುಂದಿನ ಚಕ್ರ ರ‍್ಯಾಂಪಿನ ಮೇಲೆ, ಹಿಂದಿನದು ದಡದಲ್ಲಿ ಇರೋವಾಗಲೇ ಲಾಂಚ್ ಹಿಂದೆ ಜಾರಬಹುದು. ಭಾರದ ಗಾಡಿ ನಡುವಿಗೆ, ಕಾರು ಎರಡೂ ಪಕ್ಕಕ್ಕೆ ಸಮನಾಗಿ, ಬೈಕು ಸಂದಿಯಲ್ಲಿ. ಬಸ್ಸಾದ್ರೆ ಜನ ಮೊದಲೇ ಇಳಿದು ನಡೆದು ಹತ್ತೋದು ಒಳ್ಳೇದು. ಗಾಡಿ ನಿಂತ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಫಸ್ಟ್ ಗೇರಲ್ಲಿ ಬಿಟ್ಟು, ಕಿಟಕಿ ಇಳಿಸಿಡಿ. ಅಕಸ್ಮಾತ್ ಏನಾದ್ರೂ ಆದ್ರೆ ಬಾಗಿಲಿಗಿಂತ ಕಿಟಕಿ ಬೇಗ. ಕೆಳಮಟ್ಟದ ಕಾರಿನೋರು ರ‍್ಯಾಂಪಿನ ಕೋನ ನೋಡಿ ಓರೆಯಾಗಿ ಹತ್ತಿಸಿ, ನೇರಕ್ಕೆ ಹೋದ್ರೆ ಬಂಪರ್ ಉಜ್ಜುತ್ತೆ.

ಫೋಟೋಗೆ ಅಂತ ಎಲ್ರೂ ಒಂದೇ ಬದಿಗೆ ಓಡೋದು ಮಾತ್ರ ದಯವಿಟ್ಟು ಬೇಡ. ವಾರಾಂತ್ಯದಲ್ಲಿ ಸಿಗಂದೂರು ದೇವಸ್ಥಾನಕ್ಕೆ ಬಂದೋರಿಂದ ಈ ಕಾಟ ಜಾಸ್ತಿ ಇತ್ತು. ಅವರ ಸಂದಣಿಯಲ್ಲಿ, ಮೂಟೆ ಹಿಡಿದು ಮನೆಗೆ ಹೊರಟ ಊರಿನೋರು ಕ್ಯೂನಲ್ಲೇ ಕಾಯಬೇಕಿತ್ತು.

ಮಳೆಗಾಲದ ತೊಂದರೆ ಬೇರೆ. ನೀರು ಬೇಕಾದಷ್ಟಿರುತ್ತೆ, ಆದ್ರೆ ಗಾಳಿ. ಚಪ್ಪಟೆ ತಳ, ಮೇಲೆ ಎತ್ತರದ ಬಸ್ಸು. ಅಡ್ಡಗಾಳಿಗೆ ಲಾಂಚ್ ಪಕ್ಕಕ್ಕೆ ಸರೀತಾ ಹೋಗುತ್ತೆ. ಚಾಲಕರು ಮೂತಿಯನ್ನ ಗಾಳಿ ಕಡೆಗೆ ಸ್ವಲ್ಪ ತಿರುಗಿಸಿ ಓರೆಯಾಗೇ ಹೊಳೆ ದಾಟಿಸೋದು ಅದಕ್ಕೇ.

ಇದೇ ಹಿನ್ನೀರಿನ ಹಸಿರುಮಕ್ಕಿ ಕಡವಿನಲ್ಲೂ ಬೇಸಿಗೆಯ ಲೆಕ್ಕ ಇದೇ. ಇಂಥ ಯಾವ ಕಡವಿಗೆ ಹೋಗೋದಿದ್ರೂ ಹೊರಡೋ ಮುಂಚೆ ಆ ಕಡೆಯವರಿಗೆ ಒಂದು ಫೋನ್ ಮಾಡಿ. 'ಲಾಂಚ್ ಇದೆಯಾ' ಅಂತ ಅಷ್ಟೇ ಕೇಳಿದ್ರೆ ಸಾಲದು, 'ಇವತ್ತು ಕಾರು ಹತ್ತಿಸ್ತಾರಾ, ಕೊನೇ ಟ್ರಿಪ್ ಎಷ್ಟು ಗಂಟೆಗೆ' ಅಂತಲೂ ಕೇಳಿ.