ಒಗ್ಗರಣೆ-ಮಿರ್ಚಿ ಬಿಡಬೇಡಿ, ಅದರ ಸುತ್ತ ಇರೋದನ್ನ ಬದಲಿಸಿ

(ದೃಶ್ಯ: ಗಂಗಾವತಿ, ಮುಂಜಾನೆ ಏಳೂವರೆ. ತಳ್ಳುಗಾಡಿಯ ಬಾಂಡಲೆಯಲ್ಲಿ ಮಿರ್ಚಿ ತಿರುಗುತ್ತಿದೆ.)

ನಮಸ್ಕಾರ. ಈ ಚುಂಯ್ ಸದ್ದು ಕೇಳಿದರೆ ನಮ್ಮ ಕಡೆಯವರಿಗೆ ಬೆಳಗಾಯಿತು ಅಂತ ಅರ್ಥ. ಮಂಡಾಳು (ಮಂಡಕ್ಕಿ) ಒಗ್ಗರಣೆ, ಮಿರ್ಚಿ (ಮೆಣಸಿನಕಾಯಿ ಬಜ್ಜಿ), ಮೇಲೊಂದು ಚಾ. ಇದನ್ನು ಬಿಟ್ಟು ಓಟ್ಸ್ ತಿನ್ನಿ ಅಂತ ಹೇಳೋಕೆ ನಾನು ಬಂದಿಲ್ಲ. ಹೇಳಿದರೂ ನೀವು ಕೇಳಲ್ಲ, ನಾನೂ ಕೇಳಲ್ಲ.

ಆದರೆ ಒಂದು ವಿಷಯ ಗಮನಿಸಿದ್ದೀರಾ? ಎಂಟಕ್ಕೆ ತಟ್ಟೆ ತುಂಬ ಒಗ್ಗರಣೆ ತಿಂದರೂ ಹನ್ನೊಂದಕ್ಕೆ ಹೊಟ್ಟೆ ಚುರ್ ಅನ್ನುತ್ತದೆ. ಮಂಡಾಳು ಅಂದರೆ ಉಬ್ಬಿದ ಅಕ್ಕಿ ಅಷ್ಟೇ, ನೋಡೋಕೆ ಜಾಸ್ತಿ, ಹೊಟ್ಟೆಯಲ್ಲಿ ಬೇಗ ಕರಗುತ್ತದೆ. ಗಟ್ಟಿಯಾಗಿ ನಿಲ್ಲೋದು ಅದರ ಮೇಲೆ ಉದುರಿಸುವ ಪುಟಾಣಿ (ಹುರಿಗಡಲೆ) ಹಿಟ್ಟು ಮತ್ತೆ ಶೇಂಗಾ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೊಟೀನ್ ಇರುತ್ತದೆ. ಹಾಗಾಗಿ ಗಾಡಿಯ ಹತ್ತಿರ ನಿಂತಾಗ ನಾನು ಕೇಳೋದು ಒಂದೇ: "ಅಣ್ಣಾ, ಪುಟಾಣಿ ಹಿಟ್ಟು ಇನ್ನೊಂದು ಚಮಚ ಹಾಕ್ರಿ, ಉಳ್ಳಾಗಡ್ಡಿ ಜಾಸ್ತಿ ಇರಲಿ, ನಿಂಬೆಹಣ್ಣು ಹಿಂಡಿ." ಮನೆಯಲ್ಲಿ ಮಾಡಿದರೆ ಮೊಳಕೆ ಬಂದ ಮಡಕಿ ಕಾಳು ಒಂದು ಹಿಡಿ ಬೇಯಿಸಿ ಸೇರಿಸಿ, ರುಚಿಯೇನೂ ಕೆಡಲ್ಲ.

ಮಿರ್ಚಿ? ತಿನ್ನಿ. ನಾಲ್ಕರ ಬದಲು ಒಂದು, ಅದೂ ದಿನಾ ಬೇಡ. ಬಾಂಡಲೆಯ ಎಣ್ಣೆ ಕಪ್ಪಗೆ, ಅಂಟಂಟಾಗಿ ಕಂಡರೆ ಅವತ್ತು ಬಿಟ್ಟುಬಿಡಿ, ಅದು ಎಷ್ಟು ಸಲ ಕಾಯ್ದಿದೆಯೋ ದೇವರಿಗೇ ಗೊತ್ತು. ಹಳೇ ಪೇಪರಿನಲ್ಲಿ ಕಟ್ಟಿಸಿಕೊಳ್ಳಲೇಬೇಡಿ. ಬಿಸಿ ಎಣ್ಣೆಗೆ ಪೇಪರಿನ ಶಾಯಿ ಮಿರ್ಚಿಗೆ ಅಂಟುತ್ತದೆ. ಮನೆಯಿಂದ ಒಂದು ಡಬ್ಬಿ ತಗೊಂಡು ಹೋಗಿ, ಮೊದಲೆರಡು ದಿನ ಗಾಡಿಯವರು ನಗುತ್ತಾರೆ, ಆಮೇಲೆ ಅವರೇ ಡಬ್ಬಿ ಕೇಳುತ್ತಾರೆ.

(ದೃಶ್ಯ: ಚಾ ಲೋಟ, ಪಕ್ಕದಲ್ಲಿ ಸಕ್ಕರೆ ಡಬ್ಬಿ)

ಈಗ ಚಾ. ಒಂದು ದಿನ ಸುಮ್ನೆ ಲೆಕ್ಕ ಹಾಕಿದೆ. ನನ್ನದು ದಿನಕ್ಕೆ ಐದು ಚಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಹತ್ತು ಚಮಚ, ಅಂದರೆ 40 ಗ್ರಾಂ ದಾಟಿತು, ಇನ್ನೂ ಬಿಸ್ಕತ್ತು ಲೆಕ್ಕಕ್ಕೆ ಬಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ ಮೇಲಿಂದ ಸೇರಿಸುವ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೇದು. ನಾನು ಚಾ ಬಿಡಲಿಲ್ಲ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿದೆ, ಈಗ ಒಂದು ಚಮಚಕ್ಕೆ ನಾಲಿಗೆ ಒಗ್ಗಿದೆ. ಇನ್ನೊಂದು ಮಾತು, ಊಟ ಆದ ಕೂಡಲೇ ಚಾ ಕುಡಿಯಬೇಡಿ. ಕಾಳು, ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತೋಕೆ ಅದು ಅಡ್ಡ ಬರುತ್ತದೆ. ಒಂದು ತಾಸು ತಡೆಯಿರಿ.

ಮಧ್ಯಾಹ್ನದ ಊಟಕ್ಕೆ ಬಂದರೆ ನಮ್ಮ ಕಥೆ ಬೇರೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ತುಂಬಿ ಕಾಲುವೆಗೆ ನೀರು ಬಂತು, ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಊರಿಗೆ ದುಡ್ಡು ಬಂತು, ತಟ್ಟೆಯಲ್ಲಿ ಬಿಳಿ ಅನ್ನ ಗುಡ್ಡ ಆಯಿತು. ಅನ್ನ ಕೆಟ್ಟದ್ದು ಅಂತಲ್ಲ, ನಮ್ಮ ಸೋನಾ ಮಸೂರಿ ನಮಗೆ ಹೆಮ್ಮೆ. ಆದರೆ ಗುಡ್ಡ ಅನ್ನಕ್ಕೆ ಎರಡು ಚಮಚ ಪಲ್ಯ ಅನ್ನೋದು ತಲೆಕೆಳಗು ಲೆಕ್ಕ. ಅವ್ವ ಈಗಲೂ ಮೊದಲು ಜೋಳದ ರೊಟ್ಟಿ ಬಡಿಸುತ್ತಾಳೆ. ಕುದಿಯುವ ನೀರು ಹಾಕಿ ಹಿಟ್ಟು ನಾದಿ, ಕೈಯಲ್ಲಿ ತಟ್ಟಿ, ಹಂಚಿಗೆ ಹಾಕಿ ಮೇಲೆ ಒದ್ದೆ ಬಟ್ಟೆ ಸವರುತ್ತಾಳೆ. ಪಕ್ಕಕ್ಕೆ ಪುಂಡಿ ಪಲ್ಯ, ಶೇಂಗಾ ಚಟ್ನಿ. ಎರಡು ರೊಟ್ಟಿ ಇಳಿದ ಮೇಲೆ ಅನ್ನಕ್ಕೆ ಜಾಗ ತಾನಾಗೇ ಕಡಿಮೆ ಆಗುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಮಾತ್ರ ರೊಟ್ಟಿನೂ ಲೆಕ್ಕ ಇಟ್ಟು ತಿನ್ನಿ, ಜೋಳ ಅಂದರೆ ಔಷಧಿ ಅಲ್ಲ.

(ದೃಶ್ಯ: ಬೋರ್‌ವೆಲ್ ಹತ್ತಿರ ಕೊಡಗಳು)

ಕೊನೆಗೆ ನೀರು. ಬೇಸಿಗೆಯಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಬಾಯಾರುವ ಮುಂಚೆಯೇ ನೀರು, ಮಜ್ಜಿಗೆ ಕುಡಿಯುತ್ತಾ ಇರಿ. ಬಿಪಿ ಇದ್ದರೆ ಮಜ್ಜಿಗೆಗೆ ಉಪ್ಪು ಬೇಡ. ಆದರೆ ಕೊಪ್ಪಳ, ರಾಯಚೂರು ಕಡೆ ಎಷ್ಟೋ ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲಿನ ಮೇಲೆ ಕಂದು ಕಲೆ, ಆಮೇಲೆ ಕೀಲು ನೋವು. ಕುದಿಸಿದರೆ ಇದು ಹೋಗಲ್ಲ, ನೀರು ಆವಿಯಾದಷ್ಟೂ ಫ್ಲೋರೈಡ್ ಗಟ್ಟಿಯಾಗುತ್ತದೆ. ಹಾಗಾಗಿ ಬೋರ್ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ, ಪಂಚಾಯಿತಿಯಲ್ಲಿ ಕೇಳಿ. ನಿಮ್ಮ ಮನೆಗೆ ಬರೋದು ಕಾಲುವೆ ನೀರೋ ಬೋರ್ ನೀರೋ, ಕೆಳಗೆ ಬರೆಯಿರಿ, ಮುಂದಿನ ವಿಡಿಯೋ ಅದರ ಮೇಲೇ ಮಾಡೋಣ.