ಇಸಿಯು ಸತ್ತಿದೆ ಎನ್ನುವ ಮುನ್ನ

ಕೇಳುಗರಿಗೆ ನಮಸ್ಕಾರ. ಕೋಲಾರದಲ್ಲಿ ವಾಹನಗಳ ವೈರಿಂಗ್ ಕೆಲಸ ಮಾಡಿಕೊಂಡಿರುವವನು ನಾನು. ಟೊಮೆಟೊ ಕೀಳುವ ಕಾಲದಲ್ಲಿ ಮುಳಬಾಗಿಲು ಕಡೆಯ ಹಿರಿಯ ರೈತರೊಬ್ಬರು ತಮ್ಮ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದರು. ಸೆಲ್ಫ್ ಹೊಡೆದರೆ ಇಂಜಿನ್ ತಿರುಗುತ್ತಿತ್ತು, ಸ್ಟಾರ್ಟ್ ಆಗುತ್ತಿರಲಿಲ್ಲ. ಕೀ ಆನ್ ಮಾಡಿದಾಗ ಉರಿಯಬೇಕಾದ ಇಂಜಿನ್ ಗುರುತಿನ ಹಳದಿ ದೀಪವೂ ಇಲ್ಲ. ದೋಷ ಓದುವ ಸ್ಕ್ಯಾನರ್ ಹಾಕಿದರೆ ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಬಾಯಿ ಬಿಡಲಿಲ್ಲ. ಅದು ಸತ್ತಿದೆ, ಹೊಸದೇ ಗತಿ ಎಂದು ಬೇರೆ ಕಡೆ ಹೇಳಿದ್ದರಂತೆ. "ಆ ದುಡ್ಡು ಎಲ್ಲಿಂದ ತರಲಿ, ನೀನೊಂದು ಸಲ ನೋಡಪ್ಪಾ" ಎಂದರು.

ಎಷ್ಟು ಪೆಟ್ರೋಲ್ ಚಿಮ್ಮಬೇಕು, ಕಿಡಿ ಯಾವಾಗ ಹಾರಬೇಕು ಎಂದು ಲೆಕ್ಕ ಹಾಕುವ ಪುಟ್ಟ ಪೆಟ್ಟಿಗೆ ಈ ಇಸಿಯು. ಮಾತಾಡಲಿಲ್ಲ ಎಂದ ಮಾತ್ರಕ್ಕೆ ಅದು ಸತ್ತಿದೆ ಎನ್ನಲಾಗದು. ಅನ್ನ ನೀರಿಲ್ಲದೆ ಬಿದ್ದವನೂ ಮಾತಾಡುವುದಿಲ್ಲ. ಬ್ಯಾಟರಿಯಲ್ಲಿ 12.5 ವೋಲ್ಟ್ ಇತ್ತು. ಫ್ಯೂಸ್, ರಿಲೇ ದಾಟಿ ಇಸಿಯುವಿಗೆ ತಂತಿಗಳು ಸೇರುವ ಕಪ್ಲರ್‌ವರೆಗೂ ಅಷ್ಟೇ ಬರುತ್ತಿತ್ತು. ಇನ್ನು ಅರ್ತ್, ಅಂದರೆ ಕರೆಂಟು ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ. ಬಹಳ ಜನ ತಂತಿಯನ್ನು ಒಮ್ಮೆ ಎಳೆದು ನೋಡಿ ಗಟ್ಟಿಯಾಗಿದೆ ಎಂದು ಬಿಟ್ಟುಬಿಡುತ್ತಾರೆ. ಅದು ಸಾಲದು. ಸೆಲ್ಫ್ ಹೊಡೆಯುತ್ತಿರುವಾಗಲೇ ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಇಸಿಯುವಿನ ಅರ್ತ್ ಪಿನ್ನಿಗೂ ಹಿಡಿಯಬೇಕು. 0.1 ವೋಲ್ಟ್ ಆಸುಪಾಸು ಸರಿ. ಅರ್ಧ ವೋಲ್ಟ್ ಬಂದರೆ ಎಲ್ಲೋ ತುಕ್ಕು ಹಿಡಿದಿದೆ. ಈ ಕಾರಿನಲ್ಲಿ ಅರ್ತ್ ಚೆನ್ನಾಗಿತ್ತು.

ಉಳಿದದ್ದು 5 ವೋಲ್ಟಿನ ಲೈನು. ಇಂಜಿನ್ನಿನ ಸ್ಥಿತಿ ಅಳೆದು ತಿಳಿಸುವ ಸೆನ್ಸರ್‌ಗಳಿಗೆ ಈ 5 ವೋಲ್ಟ್ ಕೊಡುವುದು ಇಸಿಯುವೇ. ಹಲವು ಸೆನ್ಸರ್‌ಗಳು ಅದನ್ನು ಹಂಚಿಕೊಳ್ಳುವುದರಿಂದ ಒಂದು ಶಾರ್ಟ್ ಆದರೂ ಲೈನು ಪೂರ್ತಿ ಕುಸಿಯುತ್ತದೆ, ಎಷ್ಟೋ ಕಾರುಗಳಲ್ಲಿ ಇಸಿಯು ಕೂಡ ಮೂಕವಾಗಿ ಕೂರುತ್ತದೆ. ಮೀಟರ್ ಇಟ್ಟೆ: 0.3. ಮೀಟರನ್ನು ಅಲ್ಲೇ ಬಿಟ್ಟು ಸೆನ್ಸರ್‌ಗಳ ಕಪ್ಲರ್‌ಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋದೆ. ಗಾಳಿಯ ಒತ್ತಡ ನೋಡುವ ಮ್ಯಾಪ್ ಸೆನ್ಸರ್ ಬಿಚ್ಚಿದೆ, 0.3. ಥ್ರಾಟಲ್, 0.3. ಕ್ಯಾಮ್, ಅದೇ 0.3. ಕೊನೆಗೆ ರೇಡಿಯೇಟರ್ ಪಕ್ಕ ಮಣ್ಣು ಮೆತ್ತಿಕೊಂಡಿದ್ದ ಎ.ಸಿ. ಪ್ರೆಷರ್ ಸೆನ್ಸರಿನ ಕಪ್ಲರ್ ಕಿತ್ತೆ. ಮೀಟರ್ ಒಂದೇ ನೆಗೆತಕ್ಕೆ 5 ತೋರಿಸಿತು. ಹಳದಿ ದೀಪ ಬಂತು. ಸೆಲ್ಫ್ ಮುಟ್ಟಿದೊಡನೆ ಇಂಜಿನ್ ಸ್ಟಾರ್ಟ್ ಆಯಿತು. "ಎ.ಸಿ.ಗೂ ಇಂಜಿನ್ನಿಗೂ ಏನಪ್ಪಾ ಸಂಬಂಧ?" ಎಂದು ಅವರು ಬೆರಗಾಗಿ ಕೇಳಿದರು. ಆ ಸೆನ್ಸರೂ ಅದೇ 5 ವೋಲ್ಟಿನ ಲೈನಿನದು ಎಂದೆ. ಅಂದು ಎ.ಸಿ. ಇಲ್ಲದೆಯೇ ಊರಿಗೆ ಹೋದರು; ಸೆನ್ಸರ್ ತರಿಸಿ ಆಮೇಲೆ ಹಾಕಿದೆ.

ನಿಜವಾಗಿ ಕೆಡುವ ಇಸಿಯುಗಳೂ ಇವೆ. ಇಂಜಿನ್ನಿಗೆ ಜೋರಾಗಿ ನೀರು ಬಿಟ್ಟು ತೊಳೆದವರ ಕಾರಿನಲ್ಲಿ ಪಿನ್ನುಗಳ ಬುಡಕ್ಕೆ ಹಸಿರು ಕಿಲುಬು ಕಟ್ಟಿರುವುದನ್ನು ಕಂಡಿದ್ದೇನೆ. ಇಗ್ನಿಷನ್ ಕಾಯಿಲ್ ಶಾರ್ಟ್ ಆದರೆ ಅದನ್ನು ನಡೆಸುವ ಟ್ರಾನ್ಸಿಸ್ಟರ್ ಸುಡಬಹುದು. ಆಗ ಕಾಯಿಲ್ ಬದಲಿಸದೆ ಹೊಸ ಇಸಿಯು ಕೂರಿಸಿದರೆ ಅದೂ ಸುಡುವ ಅಪಾಯವಿದೆ. ಗುಜರಿಯಿಂದ ತಂದ ಇಸಿಯುವಿಗೆ ನಿಮ್ಮ ಕೀಲಿಯ ಗುರುತೇ ಇರುವುದಿಲ್ಲ. ಕೀಲಿಗೆ ಹೊಂದಿಸದೆ ಹಲವು ಕಾರುಗಳು ಸ್ಟಾರ್ಟ್ ಆಗುವುದೇ ಇಲ್ಲ.

ಆದ್ದರಿಂದ ಇಸಿಯು ಬದಲಿಸಬೇಕು ಎಂದು ಯಾರಾದರೂ ಹೇಳಿದರೆ ಮೂರು ಅಂಕಿಗಳನ್ನು ಕೇಳಿ ಪಡೆಯಿರಿ: ಕಪ್ಲರ್‌ಗೆ ಬಂದ ವೋಲ್ಟ್ ಎಷ್ಟು, ಅರ್ತ್‌ನಲ್ಲಿ ಬಂದ ವೋಲ್ಟ್ ಎಷ್ಟು, ಸೆನ್ಸರ್ ಲೈನಿನ 5 ವೋಲ್ಟ್ ಎಷ್ಟು. ಕಾರಿನ ಬಾಡಿಯ ಮೇಲೆ ವೆಲ್ಡಿಂಗ್ ಮಾಡಿಸುವ ದಿನ, ಇಸಿಯು ಕೆಡದಿರಲೆಂದು, ಬ್ಯಾಟರಿ ತಂತಿಯನ್ನೂ ಇಸಿಯು ಕಪ್ಲರನ್ನೂ ಮೊದಲು ಬಿಚ್ಚಿಸಿ. ನಮಸ್ಕಾರ.