ಬಳೆ ಗೀರಿದ ಬ್ಯಾಗು, ಮೈಸೂರು ಹೆಸರಿನ ಚರ್ಮ

ಕ್ಯಾಮೆರಾ ಸ್ವಲ್ಪ ಹತ್ತಿರ ತರುತ್ತೇನೆ. ಇಲ್ಲಿ, ಬಕಲ್ ಕೆಳಗೆ, ಬಿಳಿ ದಾರ ಅಂಟಿದ ಹಾಗೆ ಕಾಣುತ್ತಿದೆ ಅಲ್ವಾ? ಅದು ದಾರ ಅಲ್ಲ, ಗೀರು. ಬ್ಯಾಗ್ ತಗೊಂಡ ಒಂಬತ್ತನೇ ದಿನ ಬಿದ್ದದ್ದು. ಮಲ್ಲೇಶ್ವರದಲ್ಲಿ ಒಂದು ಮದುವೆ. ಊಟಕ್ಕೆ ಕೂತಾಗ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಕೈಯಲ್ಲಿ ಅಜ್ಜಿಯ ಕಾಲದ ಕಲ್ಲಿನ ಬಳೆ. ಹೋಳಿಗೆಗೆ ತುಪ್ಪ ಬಡಿಸುತ್ತಾ ಬಂದರು, ಕೈ ಮುಂದೆ ಮಾಡಿದೆ. ಅಷ್ಟೇ ನೆನಪು.

ಅದು ಕುರಿಮರಿ ಚರ್ಮ, ಅಂದರೆ ಲ್ಯಾಂಬ್‌ಸ್ಕಿನ್. ಮುಟ್ಟಿದರೆ ಬೆಣ್ಣೆ. ಅಂಗಡಿಯಲ್ಲಿ ಆ ಮೆತ್ತಗಿನದಕ್ಕೇ ನಾನು ಸೋತಿದ್ದು. ಮನೆಗೆ ಬಂದು ಅತ್ತಿದ್ದೂ ಅದಕ್ಕೇ. ಅಮ್ಮ ಮಾತ್ರ ಅಡುಗೆಮನೆ ಬಾಗಿಲಿಗೆ ನೇತುಹಾಕಿದ್ದ ತರಕಾರಿ ಚೀಲ ತೋರಿಸಿ, "ಇದಕ್ಕೆ ಹತ್ತು ವರ್ಷ ಆಯ್ತು, ಒಂದು ಗೀರಿಲ್ಲ ನೋಡು" ಅಂದಳು.

ಈಗ ಮತ್ತೆ ದುಡ್ಡು ಕೂಡಿಟ್ಟಿದ್ದೇನೆ. ಈ ಸಲ ಮೊದಲು ಗೀರು ತಡೆಯುವ ಚರ್ಮ ಯಾವುದು ಅಂತ ನೋಡುವುದು, ಆಮೇಲೆ ಬ್ರ್ಯಾಂಡು.

ಇದು ಗಾಂಧಿ ಬಜಾರ್. ಇಲ್ಲಿ ಮರದ ನೆರಳಲ್ಲಿ ಚಪ್ಪಲಿ, ಬ್ಯಾಗ್ ರಿಪೇರಿ ಮಾಡುವ ಅಣ್ಣ ಒಬ್ಬರು ಕೂರುತ್ತಾರೆ. ಮುಖ ತೋರಿಸಬೇಡಿ ಅಂದರು, ಅದಕ್ಕೇ ನಿಮಗೆ ಬರೀ ಕೈ ಕಾಣುತ್ತಿರುವುದು. ನನ್ನ ಬ್ಯಾಗನ್ನು ಬೆಳಕಿಗೆ ಹಿಡಿದು, ಗೀರಿನ ಮೇಲೆ ಹೆಬ್ಬೆರಳು ಆಡಿಸಿದರು. "ಮೇಡಂ, ಗೀರು ಬೀಳದೇ ಇರೋ ಚರ್ಮ ನಾನಂತೂ ನೋಡಿಲ್ಲ. ನಮ್ಮ ಮೈಮೇಲೇ ಬೀಳುತ್ತೆ. ಗೀರು ಎಲ್ಲಿ ಕೂತಿದೆ ಅನ್ನೋದನ್ನ ನೋಡಬೇಕು. ಬಣ್ಣದಲ್ಲಿ ಕೂತಿದ್ರೆ ಬಣ್ಣನೇ ಹಾಕಬೇಕು. ಚರ್ಮದಲ್ಲಿ ಕೂತಿದ್ರೆ ಉಜ್ಜಿ ನೋಡಬಹುದು."

ಆ ಮಾತು ಇಟ್ಟುಕೊಂಡೇ ಶಿವಾಜಿನಗರಕ್ಕೆ ಹೋದೆ. ಅಲ್ಲಿ ಒಂದು ಚಿಕ್ಕ ಚರ್ಮದ ಅಂಗಡಿಯಲ್ಲಿ ಕತ್ತರಿಸಿ ಉಳಿದ ಐದು ಚೂರು ಸಿಕ್ಕಿತು. ಪಕ್ಕದಲ್ಲೇ, ಸ್ವಲ್ಪ ದೂರಕ್ಕೆ ಟ್ಯಾನರಿ ರೋಡ್ ಇದೆ. ಎಷ್ಟು ಸಲ ಆ ರಸ್ತೆಯ ಟ್ರಾಫಿಕ್ಕಿನಲ್ಲಿ ಕೂತಿದ್ದೇನೋ ಲೆಕ್ಕವಿಲ್ಲ. ಹೆಸರೇ ಚರ್ಮ ಹದ ಮಾಡುವ ಜಾಗದ ಹೆಸರು ಅಂತ ಹೊಳೆದದ್ದು ಮಾತ್ರ ಆವತ್ತು.

ಇದು ನಮ್ಮನೆ ಊಟದ ಮೇಜು. ಐದು ಚೂರು, ಒಂದು ಬಳೆ, ಸ್ಕೂಟರ್ ಕೀ, ನನ್ನ ಉಗುರು. ಲ್ಯಾಬ್ ಇಷ್ಟೇ.

ಮೊದಲನೆಯದು ನುಣುಪಾದ ಚರ್ಮ, ಬಣ್ಣದಲ್ಲಿ ಅದ್ದಿ ತೆಗೆದದ್ದು, ಮೇಲೆ ಪೇಂಟಿನ ಪದರ ಇಲ್ಲ. ಇದನ್ನು ಅನಿಲೀನ್ ಅಂತಾರೆ. ನೋಡೋಕೆ ಇದಕ್ಕಿಂತ ಚೆಂದ ಬೇರೆ ಇಲ್ಲ. ಉಗುರು ಮೆಲ್ಲಗೆ ಎಳೆದರೂ ಗೆರೆ. ಬಳೆಗೆ ಇನ್ನೂ ದಪ್ಪ ಗೆರೆ. ಹೆಬ್ಬೆರಳಲ್ಲಿ ಉಜ್ಜಿದಾಗ ಉಗುರಿನ ಗೆರೆ ಅರ್ಧ ಮಾಸಿತು, ಬಳೆಯದು ಹಾಗೇ ಉಳಿಯಿತು.

ಎರಡನೆಯದು ಸಾಫಿಯಾನೋ. ಅಡ್ಡಗೆರೆ ಅಚ್ಚು ಕಾಣುತ್ತಿದೆಯಲ್ಲ, ಅದು ಪ್ರಾಣಿಯ ಮೈಮೇಲೆ ಇದ್ದದ್ದಲ್ಲ. ಬಿಸಿ ತಟ್ಟೆಯಿಂದ ಒತ್ತಿ, ಮೇಲೆ ಗಟ್ಟಿ ಲೇಪ ಕೊಟ್ಟಿರುತ್ತಾರೆ. ಮಾರಿಯೋ ಪ್ರಾಡಾ 1913ರಲ್ಲಿ ಮಿಲಾನ್‌ನಲ್ಲಿ ಶುರು ಮಾಡಿದ ಪ್ರಾಡಾ ಅಂಗಡಿಯ ಹೆಸರಿನ ಜೊತೆಗೇ ಇದು ಬೆಳೆದದ್ದು. ಉಗುರು ಎಳೆದೆ, ಏನೂ ಇಲ್ಲ. ಬಳೆಗೂ ಏನೂ ಇಲ್ಲ. ನೀರಿನ ಹನಿ ಕೆಸುವಿನ ಎಲೆ ಮೇಲಿನ ಹಾಗೆ ಜಾರಿತು. ಆಗ ನನಗೆ ಹಟ ಬಂತು. ಸ್ಕೂಟರ್ ಕೀ ತಗೊಂಡು ಒತ್ತಿ ಎಳೆದೆ. ಸಣ್ಣ ಬಿಳಿ ಗೆರೆ ಬಿತ್ತು. ಉಜ್ಜಿದೆ, ಎಣ್ಣೆ ಹಚ್ಚಿದೆ, ಹೋಗಲಿಲ್ಲ. ಅಣ್ಣ ಹೇಳಿದ್ದು ಇದನ್ನೇ: ಲೇಪ ಹರಿದರೆ ಉಜ್ಜುವುದಕ್ಕೆ ಅಲ್ಲಿ ಚರ್ಮವೇ ಕೈಗೆ ಸಿಗುವುದಿಲ್ಲ. ಹಾಗಂತ ಯಾರು ಬ್ಯಾಗಿಗೆ ಕೀ ಒತ್ತಿ ಎಳೆಯುತ್ತಾರೆ ಹೇಳಿ. ದಿನದ ಓಡಾಟಕ್ಕೆ ಇದಕ್ಕಿಂತ ಗಟ್ಟಿಯದು ಕಷ್ಟ. ಒಂದು ಎಚ್ಚರ ಮಾತ್ರ ಇರಲಿ. ಈಗ ಸಾಫಿಯಾನೋ ಅಂದರೆ ಅಚ್ಚಿನ ಹೆಸರು, ಅಷ್ಟೇ. ಪಿಯು, ಅಂದರೆ ಪ್ಲಾಸ್ಟಿಕ್ಕಿನ ನಕಲಿ ಚರ್ಮದ ಮೇಲೂ ಅದೇ ಅಚ್ಚು ಒತ್ತಿ ಮಾರುತ್ತಾರೆ.

ಮೂರನೆಯದು ಪೆಬಲ್ಡ್, ಹರಳು ಹರಳಾಗಿರುವುದು. ಇದನ್ನು ನಮ್ಮ ಬೆಂಗಳೂರಿನ ಹಳೇ ಮನೆಗಳ ನೆಲದ ಲೆಕ್ಕದಲ್ಲಿ ಹೇಳುತ್ತೇನೆ. ಬಸವನಗುಡಿಯ ನಮ್ಮ ಅಜ್ಜಿ ಮನೆಯ ಹಾಲ್‌ನಲ್ಲಿ ರೆಡ್ ಆಕ್ಸೈಡ್ ನೆಲ. ಕುರ್ಚಿ ಎಳೆದರೆ ಗೆರೆ, ಡಬ್ಬಿ ಬಿದ್ದರೆ ಗುರುತು, ಎಲ್ಲಾ ಎದ್ದು ಕಾಣುತ್ತಿತ್ತು. ಹಿಂದಿನ ಕೋಣೆಯಲ್ಲಿ ಮೊಸಾಯಿಕ್. ಅಲ್ಲಿ ಸಾಸಿವೆ ಚೆಲ್ಲಿದರೂ ಸಂಜೆವರೆಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪೆಬಲ್ಡ್ ಚರ್ಮ ಅಂದರೆ ಮೊಸಾಯಿಕ್. ಬಳೆ ತಾಗಿದಾಗ ಉಬ್ಬಿನ ತುದಿಗಳಿಗೆ ಮಾತ್ರ ಏಟು ಬೀಳುತ್ತದೆ, ತಗ್ಗಿಗೆ ತಾಗುವುದೇ ಇಲ್ಲ. ಗೀರು ತುಂಡು ತುಂಡಾಗಿ ಕಣ್ಣಿಗೆ ಸಿಗದೆ ಹೋಗುತ್ತದೆ. ಫ್ರಾನ್ಸಿನ ಶನೆಲ್ ಬ್ರ್ಯಾಂಡಿನಲ್ಲಿ ಕ್ಯಾವಿಯಾರ್ ಅನ್ನುವ ಚರ್ಮ ಇದೇ ಜಾತಿ. ಅವರ ಲ್ಯಾಂಬ್‌ಸ್ಕಿನ್ ಮುಟ್ಟಿ ಕರಗುವವರು ಕೊನೆಗೆ ಕ್ಯಾವಿಯಾರ್ ಕೊಳ್ಳುವುದು ಇದಕ್ಕೇ.

ಹರಳಿನಲ್ಲೂ ಎರಡು ಥರ. ಪ್ಯಾರಿಸ್ಸಿನ ಎರ್ಮೆಸ್ ಬ್ರ್ಯಾಂಡಿನ ಎಪ್ಸಮ್ ಅನ್ನುವ ಚರ್ಮಕ್ಕೆ ಅಚ್ಚು ಒತ್ತಿರುತ್ತಾರೆ, ಆಕಾರ ಬಿಡುವುದಿಲ್ಲ, ಹಗುರ. ಅವರದೇ ಟೋಗೋದಲ್ಲಿ ಹರಳು ಚರ್ಮದ್ದೇ. ಸಣ್ಣ ಗೀರಾದರೆ ಉಜ್ಜಿ ಸಮ ಮಾಡಬಹುದು, ಆದರೆ ವರ್ಷ ಕಳೆದಂತೆ ಬ್ಯಾಗು ಸ್ವಲ್ಪ ಜೋಲುತ್ತದೆ. ನನಗಂತೂ ಜೋಲಿದ ಬ್ಯಾಗೇ ಇಷ್ಟ. ನನ್ನ ತಂಗಿಗೆ ಡಬ್ಬಿಯ ಹಾಗೆ ನಿಲ್ಲಬೇಕು. ಜಗಳ ಇನ್ನೂ ಮುಗಿದಿಲ್ಲ.

ನಾಲ್ಕನೆಯದು ಈ ಕಂದು ಚೂರು. ತೊಗಟೆ ನೀರಿನಲ್ಲಿ ಹದ ಮಾಡಿದ್ದು, ವೆಜಿಟೇಬಲ್ ಟ್ಯಾನ್ಡ್. ಉಗುರು ಮುಟ್ಟಿದರೆ ಸಾಕು ಗುರುತು, ನೀರು ಬಿದ್ದಲ್ಲಿ ಕಪ್ಪು ಕಲೆ. ಪರೀಕ್ಷೆಯಲ್ಲಿ ಪೂರ್ತಿ ಫೇಲು. ಆದರೆ ಇದನ್ನು ಬಯ್ಯೋಕೆ ಬಾಯಿ ಬರುವುದಿಲ್ಲ. ನಮ್ಮ ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿಯ ಚರ್ಮವನ್ನೂ ಹೀಗೇ, ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡುತ್ತಾರೆ. ಆ ಚಪ್ಪಲಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಇಂಥ ಊರಿನದೇ ಅನ್ನುವ ಸರ್ಕಾರಿ ಗುರುತು ಸಿಕ್ಕಿತು, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ನಾಲ್ಕು ಜಿಲ್ಲೆಗಳಿಗೂ. ಅಜ್ಜನ ಚಪ್ಪಲಿ ಮೇಲೆ ಎಷ್ಟು ಗೀರಿತ್ತೋ! ಎಣ್ಣೆ ಕುಡಿದು ಕುಡಿದು ಎಲ್ಲಾ ಒಂದೇ ಬಣ್ಣ ಆಗಿಬಿಟ್ಟಿತ್ತು. ತಮಾಷೆ ಏನು ಗೊತ್ತಾ? ಗೀರು ಬೀಳದ ಸಾಫಿಯಾನೋಗೆ ಹೆಸರಾದ ಅದೇ ಪ್ರಾಡಾ, 2025ರ ಜೂನ್‌ನಲ್ಲಿ ಮಿಲಾನ್ ಷೋನಲ್ಲಿ ಥೇಟ್ ಕೊಲ್ಹಾಪುರಿಯಂಥ ಚಪ್ಪಲಿ ಹಾಕಿಸಿ ಗಂಡಸರನ್ನು ನಡೆಸಿತು. ಇಲ್ಲಿ ಗಲಾಟೆ ಎದ್ದ ಮೇಲೆ, ಹೌದು, ಇದರ ಮೂಲ ಭಾರತದ ಕೈಕೆಲಸ ಅಂತ ಒಪ್ಪಿಕೊಂಡಿತು.

ಐದನೆಯದು ಮೇಕೆ ಚರ್ಮ. ಇದರ ಮೇಲೆ ನನಗೆ ಏನೂ ನಿರೀಕ್ಷೆ ಇರಲಿಲ್ಲ. ತೆಳ್ಳಗೆ, ಹಗುರ, ಸಣ್ಣ ಸಣ್ಣ ಹರಳು, ಒಂದು ಥರ ಒಳಗಿನಿಂದ ಬರುವ ಹೊಳಪು. ಉಗುರಿಗೆ ಜಗ್ಗಲಿಲ್ಲ. ಬಳೆಯನ್ನು ಎರಡು ಸಲ ಎಳೆದೆ, ಓರೆಯಾಗಿ ಬೆಳಕು ಬಿಟ್ಟರೆ ಮಾತ್ರ ಏನೋ ಕಂಡ ಹಾಗಿತ್ತು. ಕೀ ಎಳೆದಾಗ ತಿಳಿ ಗೆರೆ ಬಿತ್ತು, ಉಜ್ಜಿದ ಮೇಲೆ ಹುಡುಕಬೇಕಾಯಿತು. ಮೇಕೆ ಚರ್ಮದ ಎಳೆಗಳು ಒತ್ತೊತ್ತಾಗಿ ಹೆಣೆದಿರುತ್ತವೆ, ತೆಳುವಿದ್ದರೂ ಗಟ್ಟಿ. ಕುರಿಯದು ಒಳಗೆ ಸಡಿಲ, ಅದಕ್ಕೇ ಅಷ್ಟು ಮೆತ್ತಗೆ. ಆವತ್ತು ರಾತ್ರಿ ಕೂತು ಓದುವಾಗ ಇನ್ನೊಂದು ಸಿಕ್ಕಿತು. ಎರ್ಮೆಸ್‌ನವರ ಒಂದು ಮೇಕೆ ಚರ್ಮ ಇದೆ, ಗೀರು ತಡೆಯುತ್ತದೆ ಅಂತಲೇ ಹೆಸರುವಾಸಿ. ಅದರ ಹೆಸರು ಶೆವ್ರ್ ಮೈಸೂರ್. ಶೆವ್ರ್ ಅಂದರೆ ಫ್ರೆಂಚಿನಲ್ಲಿ ಮೇಕೆ. ಅಂದರೆ ಮೈಸೂರು ಮೇಕೆ! ಪ್ಯಾರಿಸ್ಸಿನ ಅಂಗಡಿಯಲ್ಲಿ ಮೈಸೂರು ಮೇಕೆ ಕೇಳಿಕೊಂಡು ಜನ ಕಾಯುತ್ತಾರೆ. ನಾನು ಇಲ್ಲಿ ಕೂತು ಇಟಲಿ ಕುರಿಗೆ ಅಳುತ್ತಿದ್ದೆ.

ಆ ಬ್ಯಾಗಿನ ಬೆಲೆ ಕೇಳಬೇಡಿ, ನಮ್ಮ ಲೆಕ್ಕದ್ದಲ್ಲ. ಆದರೆ ಮೇಕೆ ಚರ್ಮದ ಬ್ಯಾಗು ಬೇರೆ ಡಿಸೈನರ್‌ಗಳೂ ಮಾಡುತ್ತಾರೆ.

ಅಂಗಡಿಯ ಕಥೆ ಸಣ್ಣದು. ಒಂದು ಕಡೆ ಸೇಲ್ಸ್ ಹುಡುಗಿ, "ಇದು ಸ್ಕ್ರ್ಯಾಚ್ ಪ್ರೂಫ್ ಮೇಡಂ" ಅಂದಳು. "ಹಾಗಾದ್ರೆ ನಿಮ್ಮ ಉಗುರಲ್ಲಿ ಒಂದ್ಸಲ ಗೀರಿ ತೋರಿಸಿ" ಅಂದೆ. ನಕ್ಕು, ಬ್ಯಾಗನ್ನು ಮೆಲ್ಲಗೆ ಕಪಾಟಿಗೆ ವಾಪಸ್ ಇಟ್ಟಳು. ಇನ್ನೊಂದು ಕಡೆ ನಾನು ಪಟ್ಟಿಯ ತೂತಿನ ಒಳಗೆ ಟಾರ್ಚ್ ಬಿಟ್ಟು ನೋಡಿದೆ. ಇದನ್ನು ನೀವೂ ಮಾಡಿ, ನಾಚಿಕೆ ಬೇಡ. ಮೇಲೆ ಕಪ್ಪು, ತೂತಿನ ಒಳಗೆ ಬೂದಿ ಬಣ್ಣ ಕಂಡರೆ, ಬಣ್ಣ ಮೇಲೆ ಮೇಲೆ ಇದೆ ಅಂತ ಅರ್ಥ. ಆಳದ ಗೀರು ಬಿದ್ದರೆ ಆ ಬೂದಿಯೇ ಹಲ್ಲು ಕಿರಿಯುತ್ತದೆ. ಒಳಗೂ ಅದೇ ಬಣ್ಣ ಇದ್ದರೆ ಗೀರು ಬಿದ್ದರೂ ಅಷ್ಟು ಕಾಣುವುದಿಲ್ಲ. ಮೂಲೆಗಳನ್ನೂ ನೋಡಿ. ಎಷ್ಟೇ ಗಟ್ಟಿ ಚರ್ಮವಾದರೂ ಮೊದಲು ಸವೆಯುವುದು ಮೂಲೆ. ನ್ಯಾಷನಲ್ ಕಾಲೇಜ್ ಮೆಟ್ರೋ ಸ್ಟೇಷನ್ನಿನ ಸ್ಕ್ಯಾನರ್‌ಗೆ ದಿನಕ್ಕೆ ಎರಡು ಸಲ ಬ್ಯಾಗ್ ಹಾಕುವವಳು ನಾನು. ಮುಂದೆ ಬಂದ ಲ್ಯಾಪ್‌ಟಾಪ್ ಬ್ಯಾಗಿಗೆ ಹೋಗಿ ಗುದ್ದಿ ನಿಲ್ಲುವುದು ಯಾವಾಗಲೂ ಮೂಲೆಯೇ.

ಇದೇ ನೋಡಿ, ಮೇಕೆ ಚರ್ಮ, ಬಾಳೆಹೂವಿನ ಬಣ್ಣ. ತಗೊಂಡು ಎರಡು ತಿಂಗಳಾಯಿತು. ಸ್ಕೂಟರ್ ಹುಕ್ಕಿಗೆ ಸಿಕ್ಕಿಸಿದ್ದೇನೆ, ಮಳೆಯಲ್ಲಿ ನೆನೆದಿದೆ, ಆ ಬಳೆ ಹಾಕಿಕೊಂಡೇ ಇನ್ನೊಂದು ಮದುವೆ ಊಟ ಮಾಡಿದ್ದೇನೆ. ಹಿಡಿಯ ಹತ್ತಿರ ಒಂದು ಗೀರಿದೆ. ಎಲ್ಲಿ ಅಂತ ತೋರಿಸೋಕೆ ಐದು ನಿಮಿಷದಿಂದ ಹುಡುಕುತ್ತಿದ್ದೇನೆ.

ಮನೆಗೆ ತಂದ ದಿನ ಅಮ್ಮ ಕೇಳಿದ್ದು ಒಂದೇ. "ಯಾವ ಪ್ರಾಣಿದು?" ಮೇಕೆ ಅಂದೆ. "ಮೇಕೆನಾ? ಸರಿ. ಆದರೂ ದೇವರ ಮನೆ ಹತ್ತಿರ ತರಬೇಡ" ಅಂದಳು. ಹಾಗಾಗಿ ಬ್ಯಾಗಿನ ಜಾಗ ಚಪ್ಪಲಿ ಸ್ಟ್ಯಾಂಡ್ ಪಕ್ಕದ ಸ್ಟೂಲು. ನಿನ್ನೆ ಸಂಜೆ ನೋಡಿದರೆ ಸ್ಟೂಲು ಖಾಲಿ. ಅರ್ಧ ಗಂಟೆ ಬಿಟ್ಟು ಅಮ್ಮ ಗಾಂಧಿ ಬಜಾರಿನಿಂದ ಬಂದಳು, ಹೆಗಲಲ್ಲಿ ನನ್ನ ಬ್ಯಾಗು. ಜಿಪ್ ತೆಗೆದು ನಾಲ್ಕು ನಿಂಬೆಹಣ್ಣು, ಒಂದು ಕಟ್ಟು ಕೊತ್ತಂಬರಿ ಸೊಪ್ಪು ಮೇಜಿನ ಮೇಲಿಟ್ಟಳು.